ಹದಿನೇಳು ಕಡಿಮೆ

ತೊಕ್ಕೊಟ್ಟಿನ ಬೀಡಿ ಬ್ರಾಂಚ್ ಮುಚ್ಚುವ ವಾರ
ಸಂಜೀವಿಯ ಲೆಕ್ಕ ಕೂಡಿಸಲು ಕೂತೆ.
ಮೂವತ್ತೊಂದು ಪಾಸ್‌ಬುಕ್ಕು. ಗೆದ್ದಲು ಮರ್ಯಾದಸ್ಥ,
ಅಂಕಿಗಳನ್ನು ಬಿಟ್ಟು ಅಂಚಷ್ಟೇ ತಿಂದಿದೆ.

ನಲವತ್ತೆರಡು ಲಕ್ಷದ ಐವತ್ತಾರು ಸಾವಿರದ
ಇನ್ನೂರ ಮೂವತ್ತಮೂರು.
ಮೇಲಿಂದ ಕೆಳಕ್ಕೆ ಕೂಡಿದೆ, ಕೆಳಗಿಂದ ಮೇಲಕ್ಕೆ.
ಅದೇ.

ನಾಲ್ಕು, ಎರಡು, ಐದು, ಆರು, ಎರಡು, ಮೂರು, ಮೂರು:
ಅಂಕಿಗೆ ಅಂಕಿ ಸೇರಿಸಿದರೆ ಇಪ್ಪತ್ತೈದು,
ಒಂದು ಕಟ್ಟಿಗೆ ಎಷ್ಟು ಬೀಡಿಯೋ ಅಷ್ಟೇ.
ಹಾಗಾದರೆ ಕಟ್ಟಿಗೆ ಸರಿಹೋದೀತು ಅಂದುಕೊಂಡೆ.
ಹೋಗಲಿಲ್ಲ. ಒಂದು ಲಕ್ಷದ ಎಪ್ಪತ್ತು ಸಾವಿರದ
ಇನ್ನೂರ ನಲವತ್ತೊಂಬತ್ತು ಕಟ್ಟು ಕಟ್ಟಿದ ಮೇಲೂ
ಎಂಟು ಬೀಡಿ ನೂಲಿಗೆ ಸಿಗದೆ ಉಳಿದವು.

ಮೂರರಿಂದ ಭಾಗಿಸಿದೆ, ಒಂದುಳಿಯಿತು.
ಏಳಕ್ಕೆ ಎರಡು. ಹನ್ನೊಂದಕ್ಕೆ ಮೂರು. ಹದಿಮೂರಕ್ಕೆ ಏಳು.
ಹಟ ಹತ್ತಿತು.
ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕಕ್ಕೆ ತೊಂಬತ್ತೊಂದು ತೆಗೆದವ ನಾನು,
ಬೀಡಿ ಎಣಿಸುತ್ತ ಮುದುಕನಾದವ.
ಕರೆಂಟು ಬಿಲ್ಲಿನ ಬೆನ್ನು, ಮದುವೆ ಕಾಗದದ ಬೆನ್ನು,
ನೇತ್ರಾವತಿ ಸಂಕದಲ್ಲಿ ರೈಲು ದಾಟುವಷ್ಟು ಹೊತ್ತು ನಿಲ್ಲಿಸಿ
ಮತ್ತೆ ಹದಿನೇಳು, ಹತ್ತೊಂಬತ್ತು, ಇಪ್ಪತ್ತಮೂರು...
ಮುನ್ನೂರ ಹನ್ನೊಂದು ಭಾಗಾಕಾರ.
ಕೊನೆಯದು ಎರಡು ಸಾವಿರದ ಅರವತ್ತಮೂರು.
ಅದನ್ನು ಅದರಿಂದಲೇ ಗುಣಿಸಿದರೆ
ಇವಳ ಹೊಸ್ತಿಲವರೆಗೆ ಬರುತ್ತದೆ, ಒಳಗೆ ಕಾಲಿಡದು;
ಇನ್ನೂರ ಅರವತ್ತನಾಲ್ಕು ಬಾಕಿ.
ಅದರಾಚೆ ಹುಡುಕುವುದು ಬೇಡ ಎಂದು ಮೇಷ್ಟ್ರು ಕಲಿಸಿದ್ದರು.

ಅವಿಭಾಜ್ಯ.

ಎರಡು, ಮೂರು, ಐದು ಎಂದು ಶುರುವಾಗುವ ಆ ಕ್ಯೂವಿನಲ್ಲಿ
ಇವಳದು ಸರಿಯಾಗಿ ಮೂರು ಲಕ್ಷದನೆಯ ಜಾಗವಂತೆ.
ತಂಗಿಯ ಮಗಳು ಮೊಬೈಲು ನೋಡಿ ಹೇಳಿದ್ದು.
ರೇಷನ್ ಅಂಗಡಿಯಲ್ಲಿ ಒಮ್ಮೆಯೂ
ಇಷ್ಟು ಗಟ್ಟಿ ಜಾಗ ಇವಳಿಗೆ ಸಿಕ್ಕಿರಲಿಲ್ಲ.

ಆಮೇಲೆ ನೆನಪಾಯಿತು.
ಕಡೆಯ ಗುರುವಾರ, ಕಡೆಯ ಕಟ್ಟು ಬಿಚ್ಚಿ
ಹದಿನೇಳು ಬೀಡಿ ಮುರಿದು ಎಸೆದಿದ್ದೆ:
ಬಾಯಿ ಸಡಿಲ, ಬುಡ ಸಪೂರ.
ಕಂಪೆನಿಯ ನಿಯಮ. ಹೆಬ್ಬೆರಳಿಗೆ ಅಭ್ಯಾಸ.
ಆ ಹದಿನೇಳು ಉಳಿದಿದ್ದರೆ
ಈ ಸಂಖ್ಯೆ ಎರಡಕ್ಕೆ ಒಡೆಯುತ್ತಿತ್ತು, ಮೂರಕ್ಕೆ, ಐದಕ್ಕೆ,
ಹೊರಗೆ ರಿಕ್ಷಾದಲ್ಲಿ ಕಾದು ಕೂತ ಅವಳ ಮೈದುನನಿಗೆ,
ಕೇಳಿ ಬಂದವರಿಗೆಲ್ಲ ಒಡೆಯುತ್ತಿತ್ತು.

ಹೀಗೆಲ್ಲ ಹೇಳಿ ತಪ್ಪಿಸಿಕೊಳ್ಳಬಾರದು.
ಹದಿನೇಳು ಬೀಡಿ ಎಂದರೆ ಮೂರು ರೂಪಾಯಿ ಚಿಲ್ಲರೆ.

"ಲೆಕ್ಕ ಸರಿ ಉಂಡಾ?" ಅಂದಳು, ಎಲೆ ಕತ್ತರಿಸಿ ಕತ್ತರಿಸಿ
ಗೆರೆ ಸವೆದ ಬೆರಳಿನಿಂದ ಸಹಿ ಮಾಡುತ್ತ.
ಉಂಡು, ಅಂದೆ.
ಸಂಖ್ಯೆಯ ವಿಷಯ ಬಾಯಿಗೆ ಬರಲಿಲ್ಲ.
ಜೇಬಿನಿಂದ ಐದರ ನಾಣ್ಯ ತೆಗೆದು ಮೇಜಿನ ಮೇಲಿಟ್ಟೆ.

ಯಾಕೆಂದು ಕೇಳಲಿಲ್ಲ ಸಂಜೀವಿ.
ಸೆರಗಿನ ಗಂಟು ಬಿಚ್ಚಿ, ತುಟಿಯಲ್ಲೇ ಏನೋ ಎಣಿಸಿ,
ಒಂದು ರೂಪಾಯಿ ಮತ್ತು ಯಾವ ಕಾಲದ್ದೋ ಒಂದು ಎಂಟಾಣೆ
ವಾಪಸು ಇಟ್ಟಳು.