ಕ್ಲಚ್ಚಿನ ಮ್ಯಾಲಿನ ಕಟ್ಟಿಗಿ

ಗಾಡಿ ಕಳಿಸಿದವರು ಪುಣೇದ ಸೇಠರು.
ಕೇಳಿದ್ದು ಎರಡೇ ಮಾತು: ಬಣ್ಣ ಹೊಸಾದು ಆಗಬೇಕು,
ಮತ್ತ ಇದು ನವಾಬರ ಗಾಡಿ ಅಂತ
ಯಾರರ ಹೇಳಬೇಕು, ಬರದು ಕೊಟ್ಟರ ಇನ್ನೂ ಚಲೋ.

ಆಳಂದ ನಾಕಾದ ಹಂತೇಲಿ ನನ್ನ ತಗಡಿನ ಶೆಡ್ಡು.
ನಡುವ ಆ ಮಾರಿಸ್ ಗಾಡಿ, ಕಣ್ಣು ಎರಡೂ ಹೊರಗ,
ಹಜಾಮತಿಗಿ ಕುಂತ ಮುದುಕನ ಹಂಗ
ಗದ್ದ ಎತ್ತಿ ಕುಂತದ.
ನೀರು ಹಚ್ಚಿ, ಪಾಲಿಶ್ ಕಾಗದ ಹಿಡದು
ತಿಕ್ಕಲಿಕ್ಕ ಹತ್ತಿದೆ.

ಮ್ಯಾಲಿಂದು ಬಿಳಿ. ಅದು ಕಾಗದದಾಗೂ ಅದ:
ರೇವಪ್ಪ ಮಂಠಾಳಕರ, ಖಾನಾವಳಿ ಮಾಲಕ,
ಮದುಮಕ್ಕಳ ಬಾಡಿಗಿ ಹೊಡದಾನ.
ಬಾಗಿಲ ಸಂದಿನಾಗ ಅಕ್ಕಿಕಾಳು, ಹನ್ನೊಂದು,
ಅರಿಶಿಣ ಇನ್ನೂ ಹೋಗಿಲ್ಲ.

ಬಿಳೀದರ ಕೆಳಗ ಹಳದಿ. ಛತ್ತಿಗಿ ನಾಕು ತೂತು,
ಲಾಂಬಿ ತುಂಬಿ ಮುಚ್ಚ್ಯಾರ.
ಚಹಾ ತಂದ ಗಪೂರಚಾಚಾ ಬೊಟ್ಟಿಟ್ಟು ನೋಡಿದ.
"ಅರೇ, ಭೋಂಗಾ ಕುಂದರಸಿದ ಜಾಗ!
ಟೂರಿಂಗ್ ಟಾಕೀಸಿನ ಗಾಡಿ ಇದು ಅಂಬಾರಾಯ.
ಶಹಾಬಾದದಾಗ ಫರಸಿ ಖಣಿ ಊಟಕ್ಕ ಬಿಟ್ಟಾಗ
ಧೂಳು ಎಬ್ಬಿಸಿಕೋತ ಬರತಿತ್ತು,
ಗುಲಾಬಿ ಚೀಟಿ ಆರಸಿಕೋತ ನಾವು ಹಿಂದ."
ಮಾಲಕನ ಹೆಸರು?
"ಹೆಸರು ಯಾರಿಗಿ ಬೇಕಿತ್ತು ಬೇಟಾ,
ಸಿನೇಮಾ ಬಂತಂದ್ರ ಸಾಕಿತ್ತು."

ಆರ್‌ಟಿಓ ದಫ್ತರದಾಗ ಹಳೇ ರಿಜಿಸ್ಟರು
ಕಪಾಟಿನ ಒಳಗ ಇದ್ದಿಲ್ಲ. ಕಪಾಟಿನ ಕಾಲ ಬುಡಕ ಇತ್ತು,
ಅಲಗಾಡಬಾರದಂತ ಕೊಟ್ಟಿದ್ದರು.
ಗುಮಾಸ್ತಿ ಇಂದುಮತಿಬಾಯಿ ಕಪಾಟು ಎತ್ತಿ ಹಿಡದಳು,
ನಾ ಜಗ್ಗಿದೆ.
ಅರ್ಧಾ ವರಲಿ ಓದಿ ಮುಗಿಸಿತ್ತು,
ಉಳದದ್ದು ಉರ್ದು.

ಚಾಚಾ ಬಲದಿಂದ ಎಡಕ್ಕ ಬೊಟ್ಟು ಓಡಿಸಿದ,
ಹಾಳಿ ಹಿಂದಕ್ಕ ಹಿಂದಕ್ಕ ತಿರುವಿದ.
ತ್ರಿಂಬಕರಾವ ವಕೀಲ, ಬಣ್ಣ ಹಸರು.
ಅವನ ಹಿಂದ ಯಾದಗೀರಿನ ಒಂದು ದವಾಖಾನಿ, ಬಣ್ಣ ಬೂದಿ.
ದವಾಖಾನಿ ಹಿಂದ ಐದು ವರ್ಷ
ಏನೂ ಇಲ್ಲ. ಹೆಸರಿಲ್ಲ, ಸಹಿ ಇಲ್ಲ, ತೆರಿಗಿ ಇಲ್ಲ.
ಎಲ್ಲಿತ್ತು ಚಾಚಾ ಗಾಡಿ ಅಷ್ಟು ದಿನ?
ಅವ ಕನ್ನಡಕ ತೆಗದ, ಅಂಗಿ ಚುಂಗಿಲೆ ಒರಸಿದ,
ಮತ್ತ ಒರಸಿದ.
"ಆ ಸಾಲಿನ ಮಾತು ಬ್ಯಾಡ" ಅಂದ.

ರಾತ್ರಿ ಗಾಡಿ ಬುಡಕ ಮಲಗಿ ಚಾಸಿ ಕೆರದೆ.
ಡಾಂಬರಿಗಿ ಹತ್ತಿ ಒಣಗಿದ ಜ್ವಾಳದ ಸೊಪ್ಪಿ,
ಒಂದು ಕೋಳಿಪುಕ್ಕ, ತತ್ತಿ ಸಿಪ್ಪಿ.
ಬಣವಿಯೊಳಗ ಇಟ್ಟಿದ್ದರು. ಯಾರದೋ ಬಣವಿ,
ಯಾರೋ ಒಟ್ಟಿದವರು, ಯಾರಿಗೂ ಹೇಳದವರು.
ಐದು ವರ್ಷ ಬಾಗಿಲು ತೆಗಿಯಲಾರದ ಕತ್ತಲಾಗ
ಒಂದು ಕೋಳಿ ಮಾತ್ರ ಮಾಲಕಿ.

ಬೂದಿ ಕೆಳಗ ಕರಿ. ಕರಿ ಕೆಳಗ ಕಬ್ಬಿಣ.
ಮೊದಲನೇ ಹೆಸರಿನ ಹಾಳಿ ಚಾಚಾ ಮರುದಿನ ತಾನೇ ಓದಿದ:
ಫಸಲಿ ಸಾವಿರದ ಮುನ್ನೂರಾ ನಲವತ್ತೆಂಟು,
ಮಹಮೂದಾ ಬೀ, ಹೆಣ್ಣುಮಕ್ಕಳ ಶಾಲಿ ಉಸ್ತಾನಿ.
ಡ್ರೈವರನ ಕಾಲಮ್ಮಿನಾಗ: ಖುದ್ದ್.
ಅಂದ್ರ?
"ಅಂದ್ರ ತಾನೇ ಹೊಡೀತಿದ್ದಳು."

ಆಗ ನೆನಪಾತು.
ಕ್ಲಚ್ಚಿನ ಪೆಡಲಿಗಿ ಸ್ಕ್ರೂ ಹೊಡದ ಸಾಗವಾನಿ ತುಂಡು,
ನಾಕು ಬೊಟ್ಟು ದಪ್ಪ, ನಡುವ ಸವದು ತಗ್ಗು ಬಿದ್ದದ.
ಯಾರೋ ಮಿಸ್ತ್ರಿ ಮಾಡಿದ ಜೋಡಣಿ ಅಂತ ಬಿಟ್ಟಿದ್ದೆ.
ಎಟುಕಲಾರದ ಕಾಲೊಂದು
ಎಟುಕಿಸಿಕೊಂಡಿತ್ತು.
ವಕೀಲನೂ ತೆಗೀಲಿಲ್ಲ, ಭೋಂಗಾದವನೂ ತೆಗೀಲಿಲ್ಲ,
ಅವಳ ಕಾಲಿನ ಅಳತಿ ಮ್ಯಾಲ
ತಮ್ಮ ಕಾಲು ಇಟ್ಟು ನಡಸ್ಯಾರ.

ಸೇಠರ ಫೋನು. "ನವಾಬ ಸಿಕ್ಕನೇನ್ರೀ?"
ಉಸ್ತಾನಿ ಸಿಕ್ಕಾಳ್ರೀ, ಅಂದೆ.
ಆ ಕಡಿ ಫ್ಯಾನಿನ ಸಪ್ಪಳ ಸ್ವಲ್ಪ ಹೊತ್ತು.
"ಬರೀಬ್ಯಾಡ ಬಿಡು. ಕೆಂಪು ಹಚ್ಚು."
ಹಚ್ಚಿದೆ. ಮೂರು ಕೈ. ಕೆಲಸ ಕೆಲಸಾನೇ,
ಬಿಸಲಿಗಿ ನಿಂತರ ದಾಳಿಂಬ್ರಿ ಒಡದಂಗ ಕಾಣಸತಿತ್ತು.

ಒಯ್ಯಲಿಕ್ಕ ಬಂದ ಡ್ರೈವರು ಎತ್ತರದ ಹುಡುಗ.
ಮಣಕಾಲು ಸ್ಟೇರಿಂಗಿಗಿ ಬಡೀತು.
ಪಾನಾ ಕೇಳಿ ಇಸಗೊಂಡ, ಬಗ್ಗಿದ,
ತುಂಡು ಬಿಚ್ಚಿ ನನ್ನ ಕೈಯಾಗ ಇಟ್ಟ:
"ಅಡ್ಡ ಬರತದ್ರೀ ಇದು."

ಶೆಡ್ಡಿನ ಬಾಗಿಲು ಗಾಳಿಗಿ ಬಡಕೋತದ.
ಈಗ ಅದನ್ನೇ ಕೊಟ್ಟೀನಿ.
ಚಾಚಾ ಚಹಾ ತರುವಾಗ
ದಾಟಿ ಬರತಾನ, ತುಳಿಯಂಗಿಲ್ಲ.