ಸೋರುವುದು

ತೌ, ನಿನ್ನ ಪೆಟ್ಟಿಗೆಯ ಎರಡು ಚಕ್ರ ತಿರುಗುತ್ತಿವೆ,
ಮಾತಾಡಜ್ಜಿ ಎನ್ನುತ್ತೀ. ಏನಂತ ಮಾತಾಡಲಿ?
ನಿನಗೆ ಬೇಕಾದ ಉತ್ತರ
ನಿನ್ನ ಪ್ರಶ್ನೆಯ ಬಾಯಲ್ಲೇ ಇದೆಯಲ್ಲ:
"ಮೊದಲ ಸಲ ವಿಮಾನ ಇಳಿದಾಗ
ಮಾಟ ಅಂದುಕೊಂಡಿರಾ? ಸತ್ತವರು ಬಂದರು ಅಂದುಕೊಂಡಿರಾ?"

ಮಕಾಡೆ ಬಿದ್ದೆವು, ಹೌದು.
ಗುಡುಗಿಗೂ ಬೀಳುತ್ತಿದ್ದೆವು.
ಬಾಯಿಗೆ ಮಣ್ಣು ಹೋದವರು
ಏನೂ ಅಂದುಕೊಳ್ಳುವುದಿಲ್ಲ, ಉಗಿಯುತ್ತಾರೆ.

ಆ ಬಯಲನ್ನು ಮೆಟ್ಟಿ ಗಟ್ಟಿ ಮಾಡಿದ್ದು ನಾವೇ,
ತೋಳಿಗೆ ತೋಳು ಹೆಣೆದು ಆರು ಹಗಲು ಕುಣಿದು.
ಯಾಕೆ ಅಂತ ಕೇಳಿದ್ದಕ್ಕೆ ಕೆಂಪು ಮುಖದವನು
ಕೈ ಚಾಚಿಕೊಂಡು ಹುಲ್ಲಲ್ಲಿ ಓಡಿ ತೋರಿಸಿದ,
ಬಾಯಲ್ಲಿ ಜೇನ್ನೊಣದ ಸದ್ದು.
ಅಷ್ಟು ದೊಡ್ಡ ಗಂಡಸು, ಗಡ್ಡ ಬೇರೆ!
ನಕ್ಕು ನಕ್ಕು ನನ್ನ ನಾರಿನ ಸೊಂಟಪಟ್ಟಿ ಸಡಿಲವಾಯಿತು.
ದಿನಕ್ಕೊಂದು ಹಿಡಿ ಉಪ್ಪು ಕೊಡುತ್ತಿದ್ದ.
ಉಪ್ಪು ಸಿಗುವುದಾದರೆ
ಬೆಟ್ಟವನ್ನೂ ಮೆಟ್ಟಿ ಮಲಗಿಸುತ್ತಿದ್ದೆವು.

ಎಲ್ಲರಿಗಿಂತ ಮೊದಲು ಎದ್ದವಳು ನನ್ನಜ್ಜಿ ಸಿಯುನೆ.
ಒಂದು ಕಣ್ಣಿಗೆ ಹೂ ಬಿದ್ದಿತ್ತು, ಇನ್ನೊಂದು ಸಾಕಿತ್ತು.
ಇನ್ನೂ ಬಿಸಿಯಿದ್ದ ಆ ಹೊಟ್ಟೆಯಡಿ ನುಗ್ಗಿ
ತೊಟ್ಟಿಕ್ಕುತ್ತಿದ್ದ ಕಪ್ಪನ್ನು ಬೆರಳಿಗೆ ತಗೊಂಡು
ಮೂಸಿದಳು. ನೆಕ್ಕಿದಳು.
ಮುಖ ಕಿವುಚಿ ನಮ್ಮ ಕಡೆ ಕೂಗಿದಳು:
"ಏಳ್ರೋ, ಇದು ಸೋರ್ತಾ ಇದೆ.
ಸೋರುವುದನ್ನು ಯಾರೋ ಮಾಡಿರುತ್ತಾರೆ."

ಅವಳ ಗಂಡ ಕೊಡಲಿಕಲ್ಲು ಮಸೆಯುವವನು.
ಒಂದು ಅಲುಗಿಗೆ ಮೂರು ತಿಂಗಳು
ಮರಳು, ನೀರು, ಭುಜ.
ಕೈಕೆಲಸ ಎಲ್ಲಿದ್ದರೂ ಅವಳ ಮೂಗಿಗೆ ಬಡಿಯುತ್ತಿತ್ತು.

ಎಲ್ಲರೂ ಅವಳಂತಿರಲಿಲ್ಲ, ಸುಳ್ಳು ಯಾಕೆ ಹೇಳಲಿ.
ನನ್ನ ಮಾವ ಬೊಮಾಯಿ ಅದೇ ಎಣ್ಣೆಯನ್ನು
ಎಲೆಯಲ್ಲಿ ಕಟ್ಟಿ ತಂದು
ಹಂದಿಯ ಹಣೆಗೆ ಬಳಿದ, ಕೊಬ್ಬಲಿ ಅಂತ.
ಹಂದಿ ಬಡಕಲಾಗಿಯೇ ಉಳಿಯಿತು.
ಮರುವರ್ಷ ಅವನೂ ಬಿಟ್ಟ.
ಅವನನ್ನು ನೋಡಿ ನಕ್ಕವರಲ್ಲಿ ನಾನೂ ಒಬ್ಬಳು.
ಅದನ್ನು ಬರೆದುಕೊಂಡೆಯಾ?

ಇನ್ನು ಅಣ್ಣ ಕವಾಗ್ಲೆ.
ಯುದ್ಧ ಮುಗಿದ ಮೇಲೆ, ಎಲ್ಲರಿಗೂ ವಿಮಾನ ಹಳತಾದ ಮೇಲೆ,
ಮಕ್ಕಳು ಕೂಡ ತಲೆಯೆತ್ತಿ ನೋಡದಷ್ಟು ಹಳತಾದ ಮೇಲೆ,
ಕರಾವಳಿಯ ತೆಂಗಿನ ತೋಟಕ್ಕೆ ಆಳು ಬೇಕೆಂದರು.
ಹೆಬ್ಬೆಟ್ಟು ಒತ್ತಿದ. ಹೊಸ ಚಡ್ಡಿ ಹಾಕಿಕೊಂಡ.
ಬಾಗಿಲಲ್ಲಿ ನಿಂತು ನನಗೆ ಹುಬ್ಬು ಹಾರಿಸಿದ.
ಎರಡು ಬೆಟ್ಟಗಳ ಸಂದಿನಲ್ಲಿ ಅದು
ನೊಣದಷ್ಟಾಯಿತು, ಎಳ್ಳಿನಷ್ಟಾಯಿತು,
ಆಮೇಲೆ ಅಣ್ಣ ಮಾಯ.
ಚಳಿಜ್ವರವಂತೆ. ಅಲ್ಲಿ ಸೊಳ್ಳೆಯಿಂದ ಬರುತ್ತದಂತೆ.
ಚಡ್ಡಿ ವಾಪಸು ಬಂತು, ಒಗೆದು, ಮಡಚಿ.
ಮೈ ಬರಲಿಲ್ಲ.
ನೀನು ಮಾಯೆ, ಮಾಯೆ ಅಂತ ಕೇಳುತ್ತೀಯಲ್ಲ,
ನನಗೆ ತಿಳಿಯದ್ದು ಅದೊಂದೇ.
ಅಜ್ಜಿಯೂ ತೀರಿಕೊಂಡಿದ್ದಳು,
ಎಲ್ಲಿ ಸೋರಿತು ಅಂತ ಹೇಳುವವರಿರಲಿಲ್ಲ.

ಯಾಕೆ, ಏನಾಯಿತು?
ಚಕ್ರ ಕುಂಟುತ್ತಿದೆಯಾ?
ನನ್ನ ದನಿ ಮುದಿ ಗಂಡಸಿನದಾಯಿತಲ್ಲೋ!
ಅಲ್ಲಾಡಿಸುತ್ತೀ. ಅಂಗೈಯಿಂದ ಎರಡು ಬಡಿಯುತ್ತೀ.
ಬ್ಯಾಟರಿ ತೆಗೆದು ಅಂಗಿಗೆ ಉಜ್ಜಿ, ಬಾಯಿ ಹತ್ತಿರ ತಂದು
ಉಸಿರು ಊದುತ್ತೀ, ಏನೋ ಗೊಣಗುತ್ತೀ.
ಅದರೊಳಗೆ ಮಾತು ಹೇಗೆ ಕೂರುತ್ತದೆ ಅಂತ ಕೇಳಿದರೆ
ಹಲ್ಲು ಬಿಡುತ್ತೀ: "ಗೊತ್ತಿಲ್ಲಜ್ಜಿ, ಪಟ್ಟಣದಲ್ಲಿ ಕೊಟ್ಟರು."

ನಾನು ನಗುತ್ತಿಲ್ಲ. ಬೊಮಾಯಿ ಮಾವನ ನೆನಪಾಯಿತು, ಅಷ್ಟೆ.

ಬಿಸಿಲಲ್ಲಿ, ಆ ಚಪ್ಪಟೆ ಕಲ್ಲಿನ ಮೇಲಿಡು.
ಹಂದಿಮರಿ ಬಂದೀತು, ಕಣ್ಣಿಟ್ಟಿರು.
ಬೂದಿಯಲ್ಲಿ ಗೆಣಸಿದೆ, ಸಿಪ್ಪೆ ಸುಡುತ್ತದೆ, ಜೋಪಾನ.
ಅದು ಎದ್ದರೆ ಮುಂದಿನದು ಹೇಳುತ್ತೇನೆ.
ಏಳದಿದ್ದರೂ ಹೇಳುತ್ತೇನೆ,
ನಿನಗೆ ಕಿವಿ ಇದೆಯಲ್ಲ.