ಇಪ್ಪತ್ತಾರನೆಯದು

ಇಪ್ಪತ್ತೈದು ಮುಗಿದ ಸಂಜೆ
ಝ್ಲಾಟ್ಕೊ ನನ್ನ ಹಣೆಗೆ ಮುದ್ರೆ ಒತ್ತಿದ.
ನೇರಳೆ ಶಾಯಿ, ಇಂಗ್ಲಿಷಿನ ಮೊದಲ ಅಕ್ಷರ.
ಲೈಸೆನ್ಸು ಸಿಕ್ಕವರಿಗೆ ಹೀಗೇ ಪದ್ಧತಿಯಂತೆ.
ಹಣೆಬರಹ ಅಂದರೇನೆಂದು ಅವನಿಗೆ ಹೇಳಲು ಹೋಗಿ
ಬಿಟ್ಟೆ.
ಎರಡು ದಿನ ಸೋಪಿಗೂ ಹೋಗಲಿಲ್ಲ ಅದು,
ಲಿಫ್ಟಿನ ಕನ್ನಡಿಯಲ್ಲೂ ತಿರುಗಿ ಕಾಣದ ಅಕ್ಷರ.

ಲಿಫ್ಟು ನನ್ನ ಕಸುಬು.
ದೇರಾದಲ್ಲಿ ನಲವತ್ತಮೂರು ಅಂತಸ್ತು, ಆರು ಪೆಟ್ಟಿಗೆ,
ಉಕ್ಕಿನ ಹಗ್ಗ, ಎದುರುತೂಕ,
ವೇಗ ಮಿತಿ ಮೀರಿದರೆ
ಹಳಿಯನ್ನು ಕಚ್ಚಿ ಹಿಡಿಯುವ ಕಬ್ಬಿಣದ ಹಲ್ಲು.
ವಾರಕ್ಕೆ ಆರು ದಿನ ಯಾರೂ ಬೀಳದಂತೆ ನೋಡಿಕೊಳ್ಳಲು
ಕಂಪನಿ ಸಂಬಳ ಕೊಡುತ್ತದೆ.
ಏಳನೆಯ ದಿನ ಆ ಸಂಬಳ ಕೊಟ್ಟು
ನಾನೇ ಬೀಳುತ್ತೇನೆ.

‘ದುಡ್ಡು ಕೊಟ್ಟು ಬೀಳ್ತೀಯಲ್ಲ ಮಾರಾಯ,
ಮೆಟ್ಟಿಲಲ್ಲಿ ಬಿದ್ದರೆ ಪುಕ್ಕಟೆ’
ಅನ್ನುತ್ತಾನೆ ಕೋಣೆಯ ಹಂಝತ್, ಬಂಗುಡೆ ಮಗುಚುತ್ತ.
ಅಕ್ಕನಿಗೆ ಫೋನಿನಲ್ಲಿ ‘ಹಾರುತ್ತೇನೆ’ ಅಂದೆ.
ಬಹಳ ಹೊತ್ತು ಅವಳು ಮಾತಾಡಲಿಲ್ಲ.
ನಮ್ಮ ಕಡೆ ಹಾರಿದವರು ಹಾರಿದ್ದು ಬಾವಿಗೆ,
ಮೂರು ಜನ, ಹೆಸರು ಹಿಡಿದು ಹೇಳಬಲ್ಲೆವು ಇಬ್ಬರೂ.
ಅದಲ್ಲ ಇದು, ಅಂದೆ.
ಅದಲ್ಲದ್ದಕ್ಕೆ ನಮ್ಮ ಮಾತಿನಲ್ಲಿ ಬೇರೆ ಪದವಿದೆಯೇ ಎಂದು
ಇನ್ನೂ ಹುಡುಕುತ್ತಿದ್ದೇನೆ.

ಪುಸ್ತಕದಲ್ಲಿ ಎಲ್ಲ ಬರೆದಿಡಬೇಕು:
ಎಷ್ಟು ಅಡಿ, ಎಷ್ಟು ಸೆಕೆಂಡು.
ಕೂಡಿಸಿದರೆ ಇಪ್ಪತ್ತು ನಿಮಿಷವೂ ಆಗದು
ಇಷ್ಟು ವರ್ಷದಲ್ಲಿ ನಾನು ಯಾವುದಕ್ಕೂ ಒರಗದೆ ಇದ್ದದ್ದು.
ಒಂಬತ್ತನೆಯದರ ಎದುರು: ‘ಇಳಿದದ್ದು ಕುಂಡೆಯ ಮೇಲೆ.’
ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವಂತೆ.
ಆಯಿತು. ಮೂರು ದಿನ ಕಿವಿಯಿಂದ ಮರಳು ಉದುರಿತು.

ಉಮ್ಮ್ ಅಲ್ ಕುವೈನ್, ಬೆಳಗಿನ ಆರೂವರೆ.
ಹಿನ್ನೀರಿನ ಕಾಂಡ್ಲಾ ಗಿಡಗಳಿಗೆ ಇನ್ನೂ ಮಂಜಿನ ಮುಸುಕು.
ಬೆನ್ನಿಗೆ ನಾನೇ ಮಡಚಿದ ಬಟ್ಟೆ.
ಮೊದಲೆಲ್ಲ ರೊಡೆಲ್ ಮಡಚುತ್ತಿದ್ದ,
ಮಗುವಿಗೆ ತೇಗು ತೆಗೆಸುವ ಹಾಗೆ
ಮೊಣಕಾಲೂರಿ ಗಾಳಿಯನ್ನು ಹೊರಗೆ ಕಳಿಸುತ್ತ.

ವಿಮಾನ ಬಂದಾಗ ಮಂಜು ಹರಿದಿತ್ತು.
ಜೋತುಬಿದ್ದಿದ್ದ ಗಾಳಿಚೀಲ
ಒಮ್ಮೆ ತಲೆ ಎತ್ತಿತು,
ಆಮೇಲೆ ಇಳಿಸಲೇ ಇಲ್ಲ.
ಹಳಬರು ಹತ್ತಿದರು, ನಗುತ್ತ.
ನನ್ನ ಒಂದು ಕಾಲು ಏಣಿಯ ಮೇಲೆ.

ಮೊನ್ನೆಯವರೆಗೆ ಝ್ಲಾಟ್ಕೊ ‘ಬೇಡ’ ಅನ್ನುತ್ತಿದ್ದ,
ನಾನು ಮುಖ ಊದಿಸುತ್ತಿದ್ದೆ.
ಇವತ್ತು ಅವನು ಅತ್ತ ತಿರುಗಿ
ಕಾಗದದ ಲೋಟದಲ್ಲಿ ಕಡಕ್ ಚಹಾ ಕುಡಿಯುತ್ತಿದ್ದಾನೆ.
ತಿರುಗುವುದಿಲ್ಲ. ಬೇಕೆಂದೇ.

ಕಾಲು ತೆಗೆದೆ.
ಹೆಸರು ಹೊಡೆದುಹಾಕಿ, ಅಂದೆ.
ಸದ್ದಿನಲ್ಲಿ ಕೇಳಿಸಲಿಲ್ಲ, ಇನ್ನೊಮ್ಮೆ ಕೂಗಿ ಹೇಳಬೇಕಾಯಿತು.
ಲಿಫ್ಟಿಗೆ ‘ದುರಸ್ತಿಯಲ್ಲಿದೆ’ ಬೋರ್ಡು ತೂಗಿಸಿದಾಗ
ಮೆಟ್ಟಿಲು ಹತ್ತುವವರು ಬೈಯುತ್ತಾರಲ್ಲ,
ಆ ಬೈಗುಳವೆಲ್ಲ ನನ್ನೊಳಗೇ ಕೇಳಿಸಿತು.
ಆಕಾಶದಲ್ಲಿ ಒಂಬತ್ತು ಬಣ್ಣ ಅರಳುವುದನ್ನು
ಕೈ ಅಡ್ಡ ಹಿಡಿದು ಎಣಿಸಿದೆ.

ಸಂಜೆ ನಾಲ್ಕೂಮುಕ್ಕಾಲಿಗೆ ಚೀಲ ಬಾಡಿತು.
ಹದಿಮೂರು ಸಾವಿರ ಅಡಿ. ಬಾಗಿಲು.
ಬಿಟ್ಟೆ.

ಬೀಳುತ್ತಿದ್ದೇನೆ ಅನ್ನಿಸುವುದೇ ಇಲ್ಲ.
ಗಾಳಿ ಎಷ್ಟು ಗಟ್ಟಿಯೆಂದರೆ ಅಂಗೈ ಊರಬಹುದು,
ಬಲಗೈ ಒಂಚೂರು ತಗ್ಗಿಸಿದರೆ
ಇಡೀ ಸೀಮೆ ತಿರುಗುತ್ತದೆ, ಉಪ್ಪಿನ ಬಯಲು, ಹೆದ್ದಾರಿ,
ಬೆಳಕು ಬಿದ್ದ ನೀರಿನ ಎಳೆಗಳು.
ಮಣಿಕಟ್ಟಿನ ಮುಳ್ಳು ಐದಕ್ಕೆ ಬಂತು.
ಎಳೆದೆ. ಕತ್ತೆತ್ತಿದೆ:
ಚೌಕ. ಪೂರ್ತಿ.
ನಾನೇ ಮಡಚಿದ್ದು.

ಆಮೇಲೆ ಸದ್ದಿಲ್ಲ.
ಕೆಳಗೆ ಒಂದು ಒಂಟೆ
ತನ್ನ ನೆರಳಿಗಿಂತ ಎಷ್ಟೋ ಚಿಕ್ಕದಾಗಿ ನಡೆಯುತ್ತಿತ್ತು.

ರೊಡೆಲ್‌ಗೆ ಐಸ್‌ಕ್ರೀಮು ಬಾಕಿ, ಮೊದಲನೆಯದಕ್ಕೆಲ್ಲ ದಂಡವಿದೆ.
ಪುಸ್ತಕ ತೆರೆದೆ. ಇಪ್ಪತ್ತಾರು ಅಂತ ಬರೆಯುವ ಮೊದಲು
ಅದರ ಮೇಲೆ, ಸಂಖ್ಯೆಯಿಲ್ಲದೆ, ಒಂದು ಸಾಲು:
ಬೆಳಿಗ್ಗೆ, ಏಣಿಯವರೆಗೆ.
ಎತ್ತರ ಒಂದೂವರೆ ಅಡಿ.
ಇಳಿದದ್ದು ಕಾಲ ಮೇಲೆ.